ಅಟ್ಟಾರಿಯ ಎರಡು ಕಾಲಂ: ಒಂದು ಗಡಿ ಚೆಕ್‌ಪೋಸ್ಟಿನ ಖರ್ಚು–ವೆಚ್ಚದ ಪ್ರಕರಣ

2018–19ರ ಹಣಕಾಸು ವರ್ಷದಲ್ಲಿ ಪಂಜಾಬಿನ ಅಟ್ಟಾರಿ ಚೆಕ್‌ಪೋಸ್ಟ್ ಮೂಲಕ ನಡೆದ ವ್ಯಾಪಾರ 4,370 ಕೋಟಿ ರೂಪಾಯಿ. 2023–24ರಲ್ಲಿ 3,886 ಕೋಟಿ. ಈ ಐದು ವರ್ಷದಲ್ಲಿ ಭಾರತ–ಪಾಕಿಸ್ತಾನದ ನಡುವಿನ ವ್ಯಾಪಾರ ಬಹುತೇಕ ನಿಂತೇಹೋಗಿತ್ತು. ಆದರೂ ಅಂಕಿ ನೋಡಿದರೆ ನೂರಕ್ಕೆ ಹನ್ನೊಂದು ರೂಪಾಯಿ ಮಾತ್ರ ಇಳಿದಿದೆ. ಪರವಾಗಿಲ್ಲವಲ್ಲ ಅನ್ನಿಸಬಹುದು.

ಅದೇ ಪಟ್ಟಿಯ ಪಕ್ಕದ ಕಾಲಂ ನೋಡಿ. 2018–19ರಲ್ಲಿ ಸರಕು ಸಾಗಣೆಯ ಓಡಾಟ 49,102. 2023–24ರಲ್ಲಿ 6,871. ನೂರು ಲಾರಿ ಬರುತ್ತಿದ್ದ ಕಡೆ ಹದಿನಾಲ್ಕು ಬಂದಂತಾಯಿತು.

ಎರಡೂ ಗಡಿ ಚೆಕ್‌ಪೋಸ್ಟುಗಳನ್ನು ನಡೆಸುವ ಭೂ ಬಂದರು ಪ್ರಾಧಿಕಾರದ್ದೇ ಅಂಕಿ, ಎರಡೂ ನಿಜ. ಮೊದಲನೆಯದು ದೆಹಲಿಯ ಕಡತಕ್ಕೆ ಬೇಕಾದ ಲೆಕ್ಕ, ಎರಡನೆಯದು ಅಟ್ಟಾರಿಯ ಹಮಾಲರ ಮನೆಯ ಲೆಕ್ಕ. ಭದ್ರತೆಗೂ ಆಯಿತು, ವ್ಯಾಪಾರಕ್ಕೂ ಆಯಿತು ಎಂದು ಸರ್ಕಾರ ದುಡ್ಡು ಹಾಕಿ ಕಟ್ಟಿದ ಈ ಜಾಗದ ಕತೆ ತಿಳಿಯಬೇಕಾದರೆ ಈ ಎರಡು ಕಾಲಂಗಳು ಹೇಗೆ ಬೇರೆಯಾದವು ಎಂಬುದನ್ನೇ ಹಿಡಿದು ಹೋಗಬೇಕು.

ಗೇಟು ಕಟ್ಟುವ ಮೊದಲು

ಅಮೃತಸರದಿಂದ ಜಿ.ಟಿ. ರಸ್ತೆ ಹಿಡಿದು ಪಶ್ಚಿಮಕ್ಕೆ ಹೊರಟರೆ ಮೂವತ್ತು ಕಿಲೋಮೀಟರಿನೊಳಗೆ ಅಟ್ಟಾರಿ ಸಿಗುತ್ತದೆ. ಅದರಾಚೆ ಪಾಕಿಸ್ತಾನದ ವಾಘಾ. ಅಲ್ಲಿಂದ ಲಾಹೋರ್ ಹೆಚ್ಚುಕಡಿಮೆ ಅಷ್ಟೇ ದೂರ. 2007ರವರೆಗೂ ಇಲ್ಲಿ ಲಾರಿ ಗಡಿ ದಾಟುತ್ತಿರಲಿಲ್ಲ. ನಮ್ಮ ಕಡೆಯ ಹಮಾಲರು ಮೂಟೆ ಹೊತ್ತು ಜೀರೋ ಲೈನ್‌ವರೆಗೆ ಹೋಗುತ್ತಿದ್ದರು. ಆ ಕಡೆಯ ಹಮಾಲರು ಅಲ್ಲಿಗೇ ಬಂದು ನಿಲ್ಲುತ್ತಿದ್ದರು. ಗೆರೆಯ ಮೇಲೆ ಮೂಟೆ ಈ ತಲೆಯಿಂದ ಆ ತಲೆಗೆ ದಾಟುತ್ತಿತ್ತು. ಎರಡು ಅಣ್ವಸ್ತ್ರ ದೇಶಗಳ ನಡುವಿನ ರಸ್ತೆ ವ್ಯಾಪಾರ ನಡೆಯುತ್ತಿದ್ದದ್ದು ಹೀಗೆ. ಲಾರಿ ಬಿಟ್ಟ ಮೇಲೂ ತೊಡಕು ತಪ್ಪಲಿಲ್ಲ. ಪ್ರಯಾಣಿಕರು, ಸರಕು, ಸಂಜೆಯ ಪರೇಡ್ ನೋಡಲು ಬರುವ ಜನ ಎಲ್ಲರಿಗೂ ಇದ್ದದ್ದು ಒಂದೇ ದಾರಿ. ಪರೇಡ್ ಹೊತ್ತಿಗೆ ಜಾಗ ಖಾಲಿ ಮಾಡಬೇಕು, ಅಂದರೆ ವ್ಯಾಪಾರಕ್ಕೆ ಸಿಗುವುದು ಅರ್ಧ ದಿನ.

ಕಾರ್ಗಿಲ್ ಯುದ್ಧದ ನಂತರ ಸಚಿವರ ತಂಡವೊಂದು ದೇಶದ ಭದ್ರತೆಯನ್ನು ಪರಿಶೀಲಿಸಿ 2001ರಲ್ಲಿ ವರದಿ ಕೊಟ್ಟಿತು. ‘ಒಂದು ಗಡಿ, ಒಂದು ಪಡೆ’ ಎಂಬ ಸೂತ್ರ ಗಟ್ಟಿಯಾದದ್ದು ಅದರಿಂದ. ಪಾಕಿಸ್ತಾನ, ಬಾಂಗ್ಲಾ ಗಡಿ ಬಿಎಸ್‌ಎಫ್‌ಗೆ, ಚೀನಾ ಗಡಿ ಐಟಿಬಿಪಿಗೆ, ನೇಪಾಳ–ಭೂತಾನ್ ಎಸ್‌ಎಸ್‌ಬಿಗೆ, ಮ್ಯಾನ್ಮಾರ್ ಅಸ್ಸಾಂ ರೈಫಲ್ಸ್‌ಗೆ. 2004ರ ಜನವರಿಯಲ್ಲಿ ಗೃಹ ಸಚಿವಾಲಯದೊಳಗೆ ಗಡಿ ನಿರ್ವಹಣೆಗೆಂದೇ ಒಂದು ಇಲಾಖೆ ಬಂತು. ಆಮೇಲೆ ಬಂದದ್ದು ಸಮಗ್ರ ಚೆಕ್‌ಪೋಸ್ಟ್ ಎಂಬ ಯೋಚನೆ, ಎಲ್ಲರ ಬಾಯಲ್ಲಿ ಐಸಿಪಿ. ಕಸ್ಟಮ್ಸ್, ವಲಸೆ ತಪಾಸಣೆ, ಗೋದಾಮು, ಸಸ್ಯ ರೋಗ ತಪಾಸಣೆ, ಬ್ಯಾಂಕ್, ಪಾರ್ಕಿಂಗ್ ಎಲ್ಲವೂ ಒಂದೇ ಕಾಂಪೌಂಡಿನಲ್ಲಿ. ಇದಕ್ಕಾಗಿ 2010ರಲ್ಲಿ ಕಾನೂನು ಮಾಡಿ, 2012ರ ಮಾರ್ಚ್ 1ರಂದು ಭೂ ಬಂದರು ಪ್ರಾಧಿಕಾರ ರಚಿಸಿದರು. ಮೊದಲು ತೆರೆದದ್ದೇ ಅಟ್ಟಾರಿ. 2012ರ ಏಪ್ರಿಲ್ 13, ಬೈಸಾಖಿ ದಿನ. ಉದ್ಘಾಟಿಸಿದವರು ಆಗಿನ ಗೃಹ ಸಚಿವ ಪಿ. ಚಿದಂಬರಂ. ಸುಮಾರು 120 ಎಕರೆ, ಸುಮಾರು 150 ಕೋಟಿ ರೂಪಾಯಿ.

ಹೊತ್ತು ಕೂಡ ಚೆನ್ನಾಗಿತ್ತು. ಹಿಂದಿನ ತಿಂಗಳಷ್ಟೇ ಪಾಕಿಸ್ತಾನ ತನ್ನ ಆಮದು ನೀತಿ ಬದಲಿಸಿತ್ತು. ‘ಇಷ್ಟು ಮಾತ್ರ ತರಬಹುದು’ ಎಂಬ ಪಟ್ಟಿ ಬಿಟ್ಟು, ‘ಈ 1,209 ವಸ್ತು ತರುವಂತಿಲ್ಲ’ ಎಂಬ ಪಟ್ಟಿಗೆ ಬಂದಿತ್ತು. ಆದರೆ ಅದು ಹಡಗಿನಲ್ಲಿ ಬರುವ ಸರಕಿಗೆ. ವಾಘಾ ರಸ್ತೆಯಲ್ಲಿ ಬರಲು ಬಿಟ್ಟದ್ದು 137 ವಸ್ತು ಮಾತ್ರ. ಇನ್ನೂರು ಗ್ರಾಹಕರಿಗೆಂದು ಹೋಟೆಲು ಕಟ್ಟಿಸಿ ಮೆನುವಿನಲ್ಲಿ ಎರಡೇ ತಿಂಡಿ ಇಟ್ಟಂತೆ. ನಮ್ಮ 150 ಕೋಟಿಯ ಕಟ್ಟಡ ಎಷ್ಟು ದುಡಿಯಬೇಕು ಎಂಬುದು ಮೊದಲ ದಿನದಿಂದಲೇ ಇಸ್ಲಾಮಾಬಾದಿನ ಕೈಯಲ್ಲೂ ಇತ್ತು.

ಒಂದು ಲಾರಿಯ ದಾರಿ

ವ್ಯಾಪಾರ ಜೋರಾಗಿದ್ದಾಗ ಪಾಕಿಸ್ತಾನದ ಒಂದು ಜಿಪ್ಸಂ ಲಾರಿಗೆ ಇಲ್ಲಿ ಏನೇನಾಗುತ್ತಿತ್ತು ನೋಡೋಣ. ಗಡಿ ಗೇಟಿನಲ್ಲಿ ಬಿಎಸ್‌ಎಫ್ ಲಾರಿಯನ್ನೂ ಡ್ರೈವರನ್ನೂ ತಪಾಸಣೆ ಮಾಡುತ್ತದೆ. ಕಾಗದ ಕಸ್ಟಮ್ಸ್ ಕೈಗೆ ಹೋಗುತ್ತದೆ. ಲಾರಿ ಐಸಿಪಿ ಯಾರ್ಡಿಗೆ ಬರುತ್ತದೆ, ಅದರಿಂದ ಮುಂದೆ ಒಂದು ಹೆಜ್ಜೆಯೂ ಇಲ್ಲ. ಸರಕು ಇಲ್ಲೇ ಇಳಿಯಬೇಕು, ಲಾರಿ ಖಾಲಿಯಾಗಿ ಅಂದೇ ಹಿಂತಿರುಗಬೇಕು. ಇಳಿದ ಮಾಲು ಕೇಂದ್ರ ಉಗ್ರಾಣ ನಿಗಮದ ಸುಪರ್ದಿಗೆ. ಹಣ್ಣು, ಉತ್ತುತ್ತಿ ಇದ್ದರೆ ಸಸ್ಯ ತಪಾಸಣೆಯವರು ಸ್ಯಾಂಪಲ್ ತೆಗೆಯುತ್ತಾರೆ. ಕ್ಲಿಯರಿಂಗ್ ಏಜೆಂಟ್ ಸುಂಕ ಕಟ್ಟುತ್ತಾನೆ. ಆಮೇಲೆ ಅದೇ ಮಾಲು ಪಂಜಾಬಿನ ಲಾರಿಗೆ ಏರುತ್ತದೆ.

ಒಂದೇ ಸರಕು ಎರಡು ಸಲ ಹಮಾಲರ ಹೆಗಲ ಮೇಲೆ. ವ್ಯಾಪಾರಶಾಸ್ತ್ರ ಓದಿದವರು ಇದನ್ನು ಅದಕ್ಷತೆ ಅನ್ನುತ್ತಾರೆ. ತಪ್ಪೇನಲ್ಲ. ಆದರೆ ಗಡಿಯ ಹಳ್ಳಿಗಳಿಗೆ ಅನ್ನ ಸಿಗುತ್ತಿದ್ದದ್ದು ಇದೇ ಅದಕ್ಷತೆಯಿಂದ. ಸುಮಾರು ಸಾವಿರದ ನಾನೂರು ಹಮಾಲರು, ಸಾವಿರಾರು ಲಾರಿ ಮಾಲೀಕರು ಮತ್ತು ಡ್ರೈವರುಗಳು, ಕ್ಲಿಯರಿಂಗ್ ಏಜೆಂಟರು, ಟೈರ್ ಅಂಗಡಿ, ಢಾಬಾ ಎಲ್ಲವೂ ಈ ಇಳಿಸು–ಏರಿಸುವಿಕೆಯ ಸುತ್ತ ಬೆಳೆದವು.

ಬರುತ್ತಿದ್ದದ್ದಾದರೂ ಏನು? ಜಿಪ್ಸಂ, ಸಿಮೆಂಟ್, ಉತ್ತುತ್ತಿ, ಸೈಂಧವ ಲವಣ, ಗಾಜು, ಸೋಡಾ ಆ್ಯಶ್. ಹೋಗುತ್ತಿದ್ದದ್ದು ಟೊಮೆಟೊ, ತರಕಾರಿ, ಸೋಯಾ ಹಿಂಡಿ, ಹತ್ತಿ ನೂಲು, ಒಣ ಮೆಣಸಿನಕಾಯಿ. ಬಹುಪಾಲು ಭಾರ ಜಾಸ್ತಿ, ಬೆಲೆ ಕಮ್ಮಿ ಇರುವ ಮಾಲು. ಈ ಮಾತು ನೆನಪಿರಲಿ, ಆ ಎರಡು ಕಾಲಂಗಳ ಗುಟ್ಟು ಇಲ್ಲೇ ಇದೆ. ಅಂದಹಾಗೆ ನಮ್ಮ ಉತ್ತರ ಕರ್ನಾಟಕದ ಅಂಟಿನುಂಡೆಗೆ ಬೀಳುವ ಉತ್ತುತ್ತಿಗೂ ಈ ಗೇಟಿಗೂ ನಂಟಿದೆ. ದೇಶಕ್ಕೆ ಬರುತ್ತಿದ್ದ ಒಣ ಖರ್ಜೂರದಲ್ಲಿ ದೊಡ್ಡ ಪಾಲು ಪಾಕಿಸ್ತಾನದ್ದೇ ಆಗಿತ್ತು.

ಸ್ಕ್ಯಾನರ್ ಬಂದದ್ದು ಯಾವಾಗ

ಭದ್ರತೆಗೆಂದು ಕಟ್ಟಿದ ಜಾಗದಲ್ಲಿ ಭದ್ರತೆ ಹೇಗಿತ್ತು? ತೆರೆದು ಏಳು ವರ್ಷವಾದರೂ ಲಾರಿಯನ್ನು ಇಡಿಯಾಗಿ ತೂರಿಸಿ ನೋಡುವ ಸ್ಕ್ಯಾನರ್ ಅಟ್ಟಾರಿಯಲ್ಲಿ ಇರಲಿಲ್ಲ. ವರ್ತಕರೂ ಕೇಳುತ್ತಿದ್ದರು, ಅಧಿಕಾರಿಗಳೂ ಕೇಳುತ್ತಿದ್ದರು. ದಿನಕ್ಕೆ ನೂರಕ್ಕೂ ಮಿಕ್ಕಿ ಲಾರಿ ಓಡಾಡುವಲ್ಲಿ ತಪಾಸಣೆ ಎಂದರೆ ಕೆಲವು ಚೀಲ ಬಿಚ್ಚಿ ನೋಡುವುದು.

2019ರ ಜೂನ್ ಕೊನೆಯಲ್ಲಿ ಸೈಂಧವ ಲವಣದ 600 ಚೀಲ ಬಂದವು. ಕಸ್ಟಮ್ಸ್ ಸಿಬ್ಬಂದಿ ಒಂದೊಂದಾಗಿ ಬಿಚ್ಚಿಸಿದರು. 15 ಚೀಲಗಳಲ್ಲಿ ಉಪ್ಪಿನ ಜೊತೆ ಹೆರಾಯಿನ್ ಇತ್ತು: 532 ಕಿಲೋ. ಜೊತೆಗೆ ಬೇರೆ ಮಾದಕ ವಸ್ತು 52 ಕಿಲೋ. ಅಂತರರಾಷ್ಟ್ರೀಯ ಮಾರುಕಟ್ಟೆಯಲ್ಲಿ ಇದರ ಬೆಲೆ 2,700 ಕೋಟಿ ಎಂದು ಇಲಾಖೆ ಹೇಳಿತು. ತನಿಖೆ ಆಮೇಲೆ ಎನ್‌ಐಎಗೆ ಹೋಯಿತು. ಇಷ್ಟು ದೊಡ್ಡ ಮಾಲು ಹಿಡಿದದ್ದು ಯಂತ್ರ ಅಲ್ಲ, ಮನುಷ್ಯರ ಕೈ. ಅದಕ್ಕಿಂತ ಯೋಚಿಸಬೇಕಾದ ಮಾತು ಇನ್ನೊಂದಿದೆ. ಇದು ಸಿಕ್ಕಿದ್ದು ಲಾರಿಗಳ ಸಂಖ್ಯೆ ಕುಸಿದ ಮೇಲೆ. ಹಿಂದೆ ಸಾಲುಗಟ್ಟಿ ಬರುತ್ತಿದ್ದಾಗ ಏನೇನು ದಾಟಿಹೋಗಿತ್ತು ಎಂದು ಯಾರು ತಾನೆ ಹೇಳಬಲ್ಲರು?

ಅದಾದ ಮೇಲೆ ಸುಮಾರು 23 ಕೋಟಿ ರೂಪಾಯಿಯ ಟ್ರಕ್ ಸ್ಕ್ಯಾನರ್ ಬಂತು. ಅದನ್ನು ಅಳವಡಿಸುವ ಹೊತ್ತಿಗೆ ಪಾಕಿಸ್ತಾನದ ಮಾಲು ಬರುವುದೇ ನಿಂತಿತ್ತು. 2022ರ ಏಪ್ರಿಲ್‌ನಲ್ಲಿ ಅಫ್ಘಾನಿಸ್ತಾನದಿಂದ ಬಂದ ಜ್ಯೇಷ್ಠಮಧುವಿನ ಸರಕಿನಲ್ಲಿ ಮರದ ತುಂಡುಗಳೊಳಗೆ ಅಡಗಿಸಿದ್ದ 102 ಕಿಲೋ ಹೆರಾಯಿನ್ ಸಿಕ್ಕಿತು. ಈ ಸಲ ಮೊದಲ ಸುಳಿವು ಕೊಟ್ಟದ್ದು ಎಕ್ಸ್‌ರೇ. ಆದರೆ ಕಳ್ಳಸಾಗಣೆದಾರರು ಅಷ್ಟರಲ್ಲಿ ಲಾರಿ ಬಿಟ್ಟು ಆಕಾಶ ಹಿಡಿದಿದ್ದರು. ಪಂಜಾಬ್ ಗಡಿಯಲ್ಲಿ ಬಿಎಸ್‌ಎಫ್ 2023ರಲ್ಲಿ 107 ಡ್ರೋನ್ ವಶಪಡಿಸಿಕೊಂಡಿತು, 2024ರಲ್ಲಿ 294. ಸರ್ಕಾರ ನೆಲದ ಮೇಲೆ ಸ್ಕ್ಯಾನರ್ ಇಡುವಷ್ಟರಲ್ಲಿ ಮಾಲು ಗದ್ದೆಗಳ ಮೇಲಿಂದ ಹಾರಿ ಬರತೊಡಗಿತ್ತು.

ಗೇಟು ಮುಚ್ಚಿದ್ದು ಮೂರು ಸಲ

2019ರ ಫೆಬ್ರವರಿ 14ರಂದು ಪುಲ್ವಾಮಾದಲ್ಲಿ ಸಿಆರ್‌ಪಿಎಫ್‌ನ 40 ಯೋಧರು ಬಲಿಯಾದರು. ಮರುದಿನ ಭಾರತ 1996ರಲ್ಲಿ ಪಾಕಿಸ್ತಾನಕ್ಕೆ ಕೊಟ್ಟಿದ್ದ ‘ಪರಮಾಪ್ತ ರಾಷ್ಟ್ರ’ ಸ್ಥಾನಮಾನ (ಅಂದರೆ ಬೇರೆ ದೇಶಗಳಿಗೆ ಸಮನಾದ ಸುಂಕ) ಹಿಂಪಡೆಯಿತು. 16ರಂದು ಅಲ್ಲಿಂದ ಬರುವ ಎಲ್ಲ ಸರಕಿಗೆ ಶೇ 200 ಸುಂಕ. ಗೇಟಿಗೆ ಬೀಗ ಹಾಕಲಿಲ್ಲ, ಆದರೆ ನೂರು ರೂಪಾಯಿ ಜಿಪ್ಸಂಗೆ ಇನ್ನೂರು ರೂಪಾಯಿ ಸುಂಕ ಕಟ್ಟಿ ಯಾರು ತರುತ್ತಾರೆ? ಆಗಸ್ಟ್ 5ರಂದು ಜಮ್ಮು–ಕಾಶ್ಮೀರದ ವಿಶೇಷ ಸ್ಥಾನಮಾನ ರದ್ದಾಯಿತು. ಎರಡೇ ದಿನಕ್ಕೆ ಪಾಕಿಸ್ತಾನ ಭಾರತದೊಂದಿಗಿನ ವ್ಯಾಪಾರವನ್ನೇ ನಿಲ್ಲಿಸಿತು. ಮೊದಲ ಸಲ ನಾವು ಒರಗಿಸಿದೆವು, ಎರಡನೇ ಸಲ ಅವರು ಮುಚ್ಚಿದರು.

ಉಳಿದದ್ದು ಅಫ್ಘಾನಿಸ್ತಾನದ ಮಾಲು. ಪಾಕಿಸ್ತಾನ–ಅಫ್ಘಾನಿಸ್ತಾನದ ನಡುವಿನ ಸಾಗಣೆ ಒಪ್ಪಂದದ ಪ್ರಕಾರ ಅಫ್ಘನ್ ಸರಕು ವಾಘಾವರೆಗೆ ಬರಬಹುದಿತ್ತು. ನಮ್ಮ ಮಾಲು ಅದೇ ದಾರಿಯಲ್ಲಿ ಕಾಬೂಲ್‌ಗೆ ಹೋಗಲು ಪಾಕಿಸ್ತಾನ ಬಿಡುತ್ತಿರಲಿಲ್ಲ. ಒಮ್ಮೆ ಬಿಟ್ಟದ್ದು ಗೋಧಿಗೆ: 50,000 ಟನ್ ನೆರವಿನ ಮೊದಲ ಕಂತು 2022ರ ಫೆಬ್ರವರಿ 22ರಂದು 50 ಅಫ್ಘನ್ ಲಾರಿಗಳಲ್ಲಿ ಅಟ್ಟಾರಿಯಿಂದ ಹೊರಟಿತು.

ಈಗ ಆ ಎರಡು ಕಾಲಂಗಳಿಗೆ ಬರೋಣ. 2018–19ರ ವ್ಯಾಪಾರವನ್ನು ಲಾರಿ ಓಡಾಟಕ್ಕೆ ಭಾಗಿಸಿದರೆ ಒಂದಕ್ಕೆ ಸುಮಾರು 9 ಲಕ್ಷ ರೂಪಾಯಿ ಬರುತ್ತದೆ. 2023–24ರಲ್ಲಿ 56 ಲಕ್ಷಕ್ಕೂ ಹೆಚ್ಚು. ಜಿಪ್ಸಂ, ಸಿಮೆಂಟ್ ಹೋಗಿ ಅಂಜೂರ, ಒಣದ್ರಾಕ್ಷಿ, ಬಾದಾಮಿ, ಇಂಗು ಬಂತು. ಒಂದು ಲಾರಿ ಅಂಜೂರದ ಬೆಲೆಗೆ ಎಷ್ಟೋ ಲಾರಿ ಜಿಪ್ಸಂ ಬರುತ್ತದೆ. ಹಾಗಾಗಿ ರೂಪಾಯಿಯ ಕಾಲಂ ಅಷ್ಟಾಗಿ ಅಲುಗಲಿಲ್ಲ, ಲಾರಿಯ ಕಾಲಂ ನೆಲಕಚ್ಚಿತು. ಹಮಾಲನಿಗೆ ಕೂಲಿ ಸಿಗುವುದು ಮೂಟೆಯ ಲೆಕ್ಕಕ್ಕೆ. ಮೂಟೆಯೊಳಗೆ ಅಂಜೂರವಿದೆಯೋ ಜಿಪ್ಸಂ ಇದೆಯೋ ಅವನಿಗೆ ಒಂದೇ. ದೆಹಲಿಯ ಸಂಶೋಧನಾ ಸಂಸ್ಥೆಯೊಂದು 2019ರ ನಂತರ ಅಮೃತಸರದಲ್ಲಿ ಅಧ್ಯಯನ ಮಾಡಿ, ಒಂಬತ್ತು ಸಾವಿರಕ್ಕೂ ಹೆಚ್ಚು ಕುಟುಂಬಗಳಿಗೆ ನೇರ ಪೆಟ್ಟು ಬಿದ್ದಿದೆ ಎಂದು ಅಂದಾಜಿಸಿತು. ‘ಐಸಿಪಿಯ ವಹಿವಾಟು ಚೇತರಿಸಿಕೊಂಡಿದೆ’ ಎಂಬ ಶೀರ್ಷಿಕೆಗಳು ಬಂದದ್ದೂ ಇದೇ ಅವಧಿಯಲ್ಲಿ. ಬರೀ ರೂಪಾಯಿ ನೋಡಿ ಗಡಿ ಪ್ರದೇಶದ ಆರ್ಥಿಕತೆ ಅಳೆಯುವವರು ಈ ಐದು ವರ್ಷವನ್ನು ಒಮ್ಮೆ ನೋಡಬೇಕು.

ಮೂರನೆಯ ಸಲ 2025ರಲ್ಲಿ. ಪಹಲ್ಗಾಮ್ ದಾಳಿಯ ಮರುದಿನ, ಏಪ್ರಿಲ್ 23ರಂದು ಭದ್ರತೆಗೆ ಸಂಬಂಧಿಸಿದ ಸಂಪುಟ ಸಮಿತಿ ಅಟ್ಟಾರಿ ಐಸಿಪಿಯನ್ನು ತಕ್ಷಣದಿಂದ ಮುಚ್ಚಲು ನಿರ್ಧರಿಸಿತು. ಮೇ 2ರಂದು ಪಾಕಿಸ್ತಾನದ ಸರಕು ಯಾವ ದಾರಿಯಲ್ಲೂ ಬರುವಂತಿಲ್ಲ ಎಂಬ ಆದೇಶ. ದಾರಿಯಲ್ಲಿ ಸಿಕ್ಕಿಕೊಂಡಿದ್ದ ಅಫ್ಘನ್ ಲಾರಿಗಳಲ್ಲಿ 160ನ್ನು ಮೇ ಮಧ್ಯದಲ್ಲಿ ವಿಶೇಷವಾಗಿ ಬಿಟ್ಟುಕೊಂಡರು.

ಗೇಟು ಮುಚ್ಚಿದರೆ ಮಾಲಿನ ಆಸೆ ಮುಚ್ಚುವುದಿಲ್ಲ. 2025ರ ಜೂನ್‌ನಲ್ಲಿ ಕಂದಾಯ ಗುಪ್ತಚರ ನಿರ್ದೇಶನಾಲಯ ಮುಂಬೈ ಬಳಿಯ ನವಾಶೇವಾ ಬಂದರಿನಲ್ಲಿ 39 ಕಂಟೇನರ್ ಹಿಡಿಯಿತು: 1,115 ಟನ್, ಸುಮಾರು 9 ಕೋಟಿ ಬೆಲೆಯ ಪಾಕಿಸ್ತಾನಿ ಮಾಲು. ಕಾಗದದಲ್ಲಿ ದುಬೈ ಮಾಲು. ಸಿಕ್ಕಿದ್ದರಲ್ಲಿ ಒಣ ಖರ್ಜೂರವೂ ಇತ್ತು. ರಸ್ತೆಯಲ್ಲಿ ನೇರ ಅಮೃತಸರ ಮುಟ್ಟುತ್ತಿದ್ದ ಉತ್ತುತ್ತಿ ಕರಾಚಿಯಿಂದ ಹಡಗು ಹತ್ತಿ ದುಬೈ ಸುತ್ತಿ ಮುಂಬೈಗೆ ಬಂದಿತ್ತು.

ಖರ್ಚು ಯಾರ ಖಾತೆಗೆ

ಭಾರತದ ಸರ್ಕಾರಿ ಲೆಕ್ಕದಲ್ಲಿ ವೆಚ್ಚವನ್ನು ಸಾಮಾನ್ಯ ಸೇವೆ, ಸಾಮಾಜಿಕ ಸೇವೆ, ಆರ್ಥಿಕ ಸೇವೆ ಎಂದು ವಿಂಗಡಿಸುತ್ತಾರೆ. ಬಿಎಸ್‌ಎಫ್ ಖರ್ಚು ‘ಪೊಲೀಸ್’ ಎಂಬ ಲೆಕ್ಕ ಶೀರ್ಷಿಕೆಯಲ್ಲಿ (ಸಂಖ್ಯೆ 2055), ಅಂದರೆ ಸಾಮಾನ್ಯ ಸೇವೆ. ಕಸ್ಟಮ್ಸ್ ಶೀರ್ಷಿಕೆ 2037, ಅದೂ ಸಾಮಾನ್ಯ ಸೇವೆಯೇ. ವಿದೇಶ ವ್ಯಾಪಾರ ಮತ್ತು ರಫ್ತು ಉತ್ತೇಜನ 3453, ಅದು ಆರ್ಥಿಕ ಸೇವೆ. ಅಟ್ಟಾರಿಯ ಕಾಂಪೌಂಡಿನೊಳಗೆ ನಿಂತರೆ ಈ ಮೂರೂ ಕೆಲಸ ನೂರು ಮೀಟರ್ ಅಂತರದಲ್ಲಿ ನಡೆಯುತ್ತಿದ್ದವು. ಪುಸ್ತಕದಲ್ಲಿ ಮೂರು ಸಚಿವಾಲಯ, ಮೂರು ಕಡೆ.

ಗಾತ್ರದ ಅಂದಾಜಿಗೆ ಒಂದು ಮಾತು. 2025–26ರ ಬಜೆಟ್‌ನಲ್ಲಿ ಬಿಎಸ್‌ಎಫ್‌ಗೆ ಇಟ್ಟದ್ದು 28,231 ಕೋಟಿ. ದಿನಕ್ಕೆ 77 ಕೋಟಿ. ಅಟ್ಟಾರಿ ಐಸಿಪಿ ಕಟ್ಟಲು ತಗಲಿದ್ದು ಅದರ ಎರಡು ದಿನದ ಖರ್ಚು (2012ರ ರೂಪಾಯಿಗೂ ಈಗಿನದಕ್ಕೂ ವ್ಯತ್ಯಾಸವಿದೆ, ಆದರೂ). ಬೇಲಿ, ದೀಪ, ರಸ್ತೆ, ಠಾಣೆಗಳಿಗೆಂದು 2021–26ರ ಅವಧಿಗೆ ಬೇರೆ 13,020 ಕೋಟಿಯ ಯೋಜನೆ ಮಂಜೂರಾಗಿತ್ತು. ಭದ್ರತೆಗೆ ಇಷ್ಟು ದುಡ್ಡು ಬೇಡವೆಂದು ನಾನು ಹೇಳುವುದಿಲ್ಲ. ಪಂಜಾಬಿನ 553 ಕಿಲೋಮೀಟರ್ ಗಡಿ ಕಾಯುವುದು ಆಟವಲ್ಲ. ಗಮನಿಸಬೇಕಾದದ್ದು ಈ ಎರಡು ಬಗೆಯ ಖರ್ಚಿನ ಸ್ವಭಾವ. ಬೇಲಿಗೂ ಯೋಧನಿಗೂ ಹಾಕಿದ ದುಡ್ಡು ಗೇಟು ಮುಚ್ಚಿದ್ದರೂ ಕೆಲಸ ಮಾಡುತ್ತದೆ. ಗೋದಾಮು, ತೂಕದ ಯಂತ್ರ, ಪಾರ್ಕಿಂಗ್‌ಗೆ ಹಾಕಿದ್ದು ಗೇಟು ತೆರೆದಿದ್ದರೆ ಮಾತ್ರ. ಎರಡನ್ನೂ ಒಂದೇ ಕಡತದಲ್ಲಿ ‘ಗಡಿ ಮೂಲಸೌಕರ್ಯ’ ಎಂದು ಬರೆದಾಗ ಈ ವ್ಯತ್ಯಾಸ ಕಣ್ಣಿಗೆ ಬೀಳುವುದಿಲ್ಲ.

ಇನ್ನು ಮೂರನೆಯ ಬಗೆಯ ಖರ್ಚೂ ಇದೆ, ಬಾವುಟದ್ದು. 2017ರ ಮಾರ್ಚ್‌ನಲ್ಲಿ ಅಟ್ಟಾರಿಯಲ್ಲಿ 360 ಅಡಿ ಎತ್ತರದ ಧ್ವಜಸ್ತಂಭ ನಿಂತಿತು, ಮೂರೂವರೆ ಕೋಟಿ. ಗಾಳಿಗೆ ಬಟ್ಟೆ ಹರಿಯುವುದೇ ಒಂದು ರಗಳೆಯಾಯಿತು. ಅದೇ ಆಗಸ್ಟ್‌ನಲ್ಲಿ ಪಾಕಿಸ್ತಾನ 400 ಅಡಿಯದನ್ನು ನಿಲ್ಲಿಸಿತು. 2023ರ ಅಕ್ಟೋಬರ್‌ನಲ್ಲಿ ನಮ್ಮದು 418 ಅಡಿಗೆ ಏರಿತು. ಈ ಸಾಲಿನಲ್ಲಿ ಮಾತ್ರ ಎರಡೂ ಕಡೆ ಯಾವ ವರ್ಷವೂ ಕಡಿತವಾದಂತಿಲ್ಲ.

ಮುಚ್ಚುವ ಖರ್ಚು ಎಂಬ ನಾಲ್ಕನೆಯ ಸಾಲು ಎಲ್ಲಿಯೂ ಇಲ್ಲ. ಸಂಪುಟ ಸಮಿತಿ ಗೇಟು ಮುಚ್ಚುವಾಗ ರಾಜತಾಂತ್ರಿಕ ಒತ್ತಡ ಎಷ್ಟು, ಪಾಕಿಸ್ತಾನಕ್ಕೆ ನಷ್ಟ ಎಷ್ಟು ಎಂದು ತೂಗಿರಬಹುದು. ಆ ತೀರ್ಮಾನ ಸರಿಯೋ ತಪ್ಪೋ ಎಂಬುದು ಬೇರೆಯೇ ಚರ್ಚೆ. ತನ್ನ ಜನ ದಾಳಿಗೆ ಬಲಿಯಾದ ಮೇಲೂ ಗೇಟು ತೆರೆದಿಡಿ ಎಂದು ಒಂದು ದೇಶವನ್ನು ಕೇಳುವುದು ಸುಲಭವೂ ಅಲ್ಲ. ಆದರೆ ಅದರ ನಮ್ಮ ಕಡೆಯ ಬಿಲ್ಲು ಹೋದದ್ದು ಗೃಹ ಸಚಿವಾಲಯಕ್ಕಲ್ಲ, ಹಣಕಾಸು ಸಚಿವಾಲಯಕ್ಕೂ ಅಲ್ಲ. ಬ್ಯಾಂಕ್ ಸಾಲದಲ್ಲಿ ಲಾರಿ ಕೊಂಡವನಿಗೆ ಹೋಯಿತು. 2019ರಿಂದ ಹಮಾಲರು ಬದಲಿ ಕೆಲಸ ಕೊಡಿ ಎಂದು ಕೇಳುತ್ತಲೇ ಇದ್ದಾರೆ.

ಪಂಜಾಬಿನದೇ ವಿಶೇಷ ಕತೆ ಇದು ಅನ್ನುವಂತಿಲ್ಲ. ಪಶ್ಚಿಮ ಬಂಗಾಳದ ಪೆಟ್ರಾಪೋಲ್ ದೇಶದ ಅತಿ ದೊಡ್ಡ ಭೂ ಬಂದರು. 2024ರ ಅಕ್ಟೋಬರ್ 27ರಂದು ಅಲ್ಲಿ 487 ಕೋಟಿಯ ಹೊಸ ಪ್ರಯಾಣಿಕ ಟರ್ಮಿನಲ್ ಮತ್ತು ಸರಕು ದ್ವಾರ ಉದ್ಘಾಟನೆಯಾಯಿತು. ಏಳು ತಿಂಗಳು ಕಳೆಯುವ ಮೊದಲೇ, 2025ರ ಮೇ 17ರಂದು, ಬಾಂಗ್ಲಾದೇಶದ ಸಿದ್ಧ ಉಡುಪು ಯಾವ ಭೂ ಬಂದರಿನಲ್ಲೂ ಬರುವಂತಿಲ್ಲ, ನವಾಶೇವಾ ಮತ್ತು ಕೋಲ್ಕತ್ತ ಬಂದರಿಗೆ ಮಾತ್ರ ಎಂಬ ಆದೇಶ ಬಂತು.

ಹೊಸ ಚೆಕ್‌ಪೋಸ್ಟಿನ ಯೋಜನಾ ವರದಿ ಮುಂದೆ ಸಿದ್ಧವಾಗುವಾಗ ಅದರಲ್ಲಿ ಎರಡು ವಿಷಯ ಇರಬೇಕು ಎನ್ನುವುದು ನನ್ನ ಅಭಿಪ್ರಾಯ. ಒಂದು, ವಹಿವಾಟಿನ ಅಂದಾಜಿನ ಜೊತೆಗೇ ಲಾರಿಗಳ ಸಂಖ್ಯೆಯ ಮತ್ತು ಕೂಲಿ ದಿನಗಳ ಅಂದಾಜು. ಇನ್ನೊಂದು, ಗೇಟು ಆರು ತಿಂಗಳಿಗಿಂತ ಹೆಚ್ಚು ಮುಚ್ಚಿದರೆ ಅಲ್ಲಿನ ನೋಂದಾಯಿತ ಹಮಾಲರಿಗೂ ಸಾಲದ ಲಾರಿಗಳಿಗೂ ಏನು ಎಂಬುದು, ಮತ್ತು ಅದಕ್ಕೆ ಹಣ ಗೃಹ ಸಚಿವಾಲಯದ ಯಾವ ಶೀರ್ಷಿಕೆಯಿಂದ ಬರಬೇಕು ಎಂಬುದು. ಭೂ ಬಂದರು ಪ್ರಾಧಿಕಾರ ಸುಂಕೇತರ ಶುಲ್ಕವಾಗಿ ಗೋದಾಮು, ಪಾರ್ಕಿಂಗ್‌ಗೆ ಹಣ ಪಡೆಯುತ್ತದೆ. ವ್ಯಾಪಾರ ಚೆನ್ನಾಗಿರುವ ವರ್ಷಗಳಲ್ಲಿ ಅದರಲ್ಲೇ ಒಂದು ಪಾಲನ್ನು ಇದಕ್ಕೆಂದು ತೆಗೆದಿಡಲು ಯಾವ ಅಡ್ಡಿಯೂ ಕಾಣುವುದಿಲ್ಲ.